ಸೆಲ್ಫ್ ತಗೊಳ್ಳದ ಹಳೇ ಲಾರಿ, ದಾರಿ ತೋರಿಸಿದ ಮಲ್ಟಿಮೀಟರ್

ಕೀ ತಿರುಗಿಸಿದರೆ "ಟಕ್". ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೆ "ಟಕ್". ಐದಾರು ಸಲ ಆದ ಮೇಲೆ ಏನೋ ಮನಸ್ಸು ಮಾಡಿದಂತೆ ಸೆಲ್ಫ್ (ಇಂಜಿನ್ ಎಬ್ಬಿಸುವ ಮೋಟಾರ್) ನರಳಿಕೊಂಡು ಸುತ್ತುತ್ತಿತ್ತು, ಇಂಜಿನ್ ಒಲ್ಲದ ಮನಸ್ಸಿನಿಂದ ಎದ್ದೇಳುತ್ತಿತ್ತು. ನನ್ನ ಹಳೇ ಡೀಸೆಲ್ ಲಾರಿಯ ಈ ಕಾಟ ಮೂರು ತಿಂಗಳು ನಡೆಯಿತು. ಆ ಮೂರು ತಿಂಗಳಲ್ಲಿ ಎರಡೂ ಬ್ಯಾಟರಿ ಹೊಸದು ಹಾಕಿದೆ. ಸೆಲ್ಫ್ ಮೋಟಾರ್ ಬಿಚ್ಚಿಸಿ ಬುಷ್, ಕಾರ್ಬನ್ ಬ್ರಷ್ ಎಲ್ಲ ಬದಲಾಯಿಸಿದ್ದೂ ಆಯಿತು. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಕಾಟ ಎಲ್ಲಿದೆ ಅಂತ ತೋರಿಸಿದ್ದು ವೋಲ್ಟ್, ಕರೆಂಟ್, ತಡೆ ಅಳೆಯುವ ಅಂಗೈಯಗಲದ ಒಂದು ಡಿಜಿಟಲ್ ಮಲ್ಟಿಮೀಟರ್. ಈ ವಿಮರ್ಶೆ ಅದರದ್ದು.

ಯಾವ ಕಂಪನಿದು ಅಂತ ಕೇಳಬೇಡಿ, ಇಂಥ ಮೀಟರ್‌ಗಳು ಹತ್ತಾರು ಹೆಸರಲ್ಲಿ ಬರುತ್ತವೆ. ನನ್ನದು ಆಟೋ ರೇಂಜ್ (ಅಳತೆಯ ಮಿತಿಯನ್ನು ತಾನೇ ಆರಿಸಿಕೊಳ್ಳುತ್ತದೆ), ಡಿಸಿ ವೋಲ್ಟ್ 600ರ ತನಕ, ಕರೆಂಟ್ 10 ಆಂಪಿಯರ್ ತನಕ. ತಂತಿ ತುಂಡಾಗಿಲ್ಲ ಅಂದರೆ ಬೀಪ್ ಹೊಡೆಯುವ ಕಂಟಿನ್ಯೂಟಿ, ಡಿಸ್‌ಪ್ಲೇ ಹಿಂದೆ ಬೆಳಕು. ಜೊತೆಗೆ ಮಿನ್-ಮ್ಯಾಕ್ಸ್ ಅಂತ ಒಂದು ಗುಂಡಿ. ಕೊಳ್ಳುವಾಗ ಆ ಗುಂಡಿ ಕಡೆ ಕಣ್ಣೂ ಹಾಕಿರಲಿಲ್ಲ. ಈಗ ಯಾರಾದರೂ ಕೇಳಿದರೆ, ಬೇರೆ ಏನು ಇರಲಿ ಬಿಡಲಿ, ಆ ಗುಂಡಿ ಇದೆಯಾ ನೋಡಿ ತಗೊಳ್ಳಿ ಅನ್ನುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಲಾರಿ ಸುಮ್ನೆ ನಿಂತಿರುವಾಗ ಬ್ಯಾಟರಿಗೆ ಮೀಟರ್‌ನ ಪ್ರೋಬ್ (ತಂತಿ ತುದಿಯ ಮುಳ್ಳು) ಇಟ್ಟೆ. 24 ವೋಲ್ಟ್ ಲಾರಿ, ಸಾಲಾಗಿ ಜೋಡಿಸಿದ ಎರಡು ಬ್ಯಾಟರಿ, ಮೀಟರ್ 25.4 ತೋರಿಸಿತು. ಒಂದೊಂದರಲ್ಲಿ 12.7, ಅಂದರೆ ಪೂರ್ತಿ ಚಾರ್ಜ್. ಸೆಲ್ಫ್ ಹತ್ತಿರ ಇಟ್ಟರೆ ಅಲ್ಲೂ 25.4. ಕೇಬಲ್‌ಗಳಿಗೆ ಬೀಪ್ ಟೆಸ್ಟ್ ಮಾಡಿದೆ, ಎಲ್ಲವೂ ಬೀಪ್ ಅಂದವು. ತಂತಿಯ ತಡೆಯನ್ನು ಓಮ್‌ನಲ್ಲಿ ಅಳೆದರೆ 0.2. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದರೂ ಅದೇ 0.2! ಎಲ್ಲ ಸರಿ ಇದೆ, ಲಾರಿ ಮಾತ್ರ ಎದ್ದೇಳಲ್ಲ. ಮೀಟರನ್ನು ಎಸೆದುಬಿಡೋಣ ಅನ್ನಿಸಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆ ತಪ್ಪಿತ್ತು. ಕರೆಂಟ್ ಹರಿಯದೇ ಇರುವಾಗ ಒಂದೇ ಒಂದು ಎಳೆ ತಂತಿ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ, ಬೀಪ್ ಕೂಡ ಹೊಡೆಯುತ್ತದೆ. ಸೆಲ್ಫ್ ಸುತ್ತುವಾಗ ಹರಿಯೋದು ನೂರಾರು ಆಂಪಿಯರ್. 300 ಆಂಪಿಯರ್ ಹೋಗುವ ದಾರಿಯಲ್ಲಿ 0.017 ಓಮ್ ಅಡ್ಡ ನಿಂತರೂ 5 ವೋಲ್ಟ್ ಅಲ್ಲೇ ಸೋರಿ ಹೋಗುತ್ತದೆ. 0.1 ಓಮ್‌ಗಿಂತ ಕೆಳಗೆ ನೋಡಲಾಗದ ಮೀಟರ್‌ಗೆ ಅದು ಕಾಣುವುದು ಹೇಗೆ? ಅದಕ್ಕೇ ಸೆಲ್ಫ್ ಸುತ್ತುತ್ತಿರುವಾಗಲೇ ವೋಲ್ಟ್ ಅಳೆಯಬೇಕು, ಕೇಬಲ್‌ನ ಈ ತುದಿಗೊಂದು ಪ್ರೋಬ್, ಆ ತುದಿಗೊಂದು ಪ್ರೋಬ್. ಚೆನ್ನಾಗಿರುವ ಕೇಬಲ್‌ನಲ್ಲಿ ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂತೋ, ಅಲ್ಲೇನೋ ಇದೆ ಅಂತ ಅರ್ಥ.

ಡೀಸೆಲ್ ಇಂಜಿನ್‌ಗೆ ಈ ಕೆಲವು ವೋಲ್ಟ್ ಯಾಕೆ ಇಷ್ಟು ಮುಖ್ಯ ಅಂದರೆ, ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿಯೇ ಡೀಸೆಲ್‌ಗೆ ಬೆಂಕಿ ಹಚ್ಚಬೇಕು. ಸೆಲ್ಫ್ ನಿಧಾನಕ್ಕೆ ಸುತ್ತಿದರೆ ಆ ಗಾಳಿ ಬೇಕಾದಷ್ಟು ಕಾಯುವುದೇ ಇಲ್ಲ.

ಎರಡನೇ ಸಲ ಸರಿಯಾಗಿ ಕೂತೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಗಾಲಿಗೆ ಅಡ್ಡಗಟ್ಟೆ. ಇಂಜಿನ್ ಹತ್ತಿಕೊಳ್ಳದ ಹಾಗೆ ಸ್ಟಾಪ್ ಕೇಬಲ್ ಎಳೆದು, ಒಬ್ಬರನ್ನು ಕೀ ಹತ್ತಿರ ಕೂರಿಸಿ, ಹತ್ತು ಸೆಕೆಂಡ್‌ಗಿಂತ ಜಾಸ್ತಿ ಸುತ್ತಿಸಬೇಡ, ಪ್ರತಿ ಸಲ ಎರಡು ನಿಮಿಷ ಬಿಡು ಅಂದೆ. ಸೆಲ್ಫ್ ಸುತ್ತುವಾಗ ಡಿಸ್‌ಪ್ಲೇ ಮೇಲಿನ ಅಂಕಿ ಹುಚ್ಚು ಹಿಡಿದಂತೆ ಕುಣಿಯುತ್ತದೆ, ಓದಲಿಕ್ಕೇ ಆಗಲ್ಲ. ಅಲ್ಲಿ ಬಂತು ಮಿನ್-ಮ್ಯಾಕ್ಸ್ ಗುಂಡಿ. ಒತ್ತಿ ಬಿಟ್ಟರೆ ಆ ಹೊತ್ತಿನ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಅದೇ ನೆನಪಿಟ್ಟುಕೊಳ್ಳುತ್ತದೆ. ನಾನು ಲಾರಿ ಕೆಳಗೆ ಮಲಗಿ ಪ್ರೋಬ್ ಹಿಡಿದುಕೊಂಡರೆ ಸಾಕು.

ಬ್ಯಾಟರಿ ತುದಿಯಲ್ಲಿ 23.1. ಸೆಲ್ಫ್ ಹತ್ತಿರ, ಅದರ ದಪ್ಪ ಬೋಲ್ಟ್‌ಗೂ ಮೈಗೂ ನಡುವೆ, 17.5. ನಡುವೆ 5.6 ವೋಲ್ಟ್ ನಾಪತ್ತೆ! ಪ್ಲಸ್ ಕಡೆಯ ಕೇಬಲ್ ಉದ್ದಕ್ಕೂ ಹೋಗಿದ್ದು 0.4, ತಕರಾರಿಲ್ಲ. ಬ್ಯಾಟರಿ ಮೈನಸ್‌ನಿಂದ ಚಾಸಿಗೆ (ಲಾರಿಯ ಕಬ್ಬಿಣದ ಚೌಕಟ್ಟಿಗೆ) 0.1. ಚಾಸಿಯಿಂದ ಇಂಜಿನ್ ಮೈಗೆ 5.1. ಸಿಕ್ಕಿಬಿತ್ತು ಕಳ್ಳ.

ಇಂಜಿನ್ ಮತ್ತು ಚಾಸಿ ನಡುವೆ ಹೆಣೆದ ತಾಮ್ರದ ಒಂದು ಅರ್ಥ್ ಪಟ್ಟಿ ಇರುತ್ತದೆ, ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರೋದರಿಂದ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಅದು ಬೇಕೇ ಬೇಕು. ನನ್ನ ಲಾರಿಯಲ್ಲಿ ಅದು ಗೇರ್‌ಬಾಕ್ಸ್ ಪಕ್ಕದಲ್ಲಿ ಎಣ್ಣೆ ಮಣ್ಣಿನ ಒಂದು ಬೆರಳು ದಪ್ಪದ ಪದರದಡಿ ಹುದುಗಿತ್ತು. ಬ್ಯಾಟರಿ ಮೈನಸ್ ಬಿಚ್ಚಿ, ಕೆರೆದು ಬಿಚ್ಚಿದರೆ ಪಟ್ಟಿ ತುದಿಯ ಲಗ್ (ಬೋಲ್ಟ್ ಹಾಕುವ ಬಳೆ) ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು. ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಕಾಲು ಭಾಗ ಎಳೆ ಉಳಿದಿದ್ದವೋ ಏನೋ. ಆಗ ನೆನಪಾಯಿತು, ಕೆಲವು ವಾರದಿಂದ ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿತ್ತು. ಅರ್ಥ್ ಪಟ್ಟಿಯಲ್ಲಿ ದಾರಿ ಸಿಗದ ಕರೆಂಟ್ ಆ ತೆಳ್ಳಗಿನ ಕೇಬಲ್ ಮೇಲೆ ಹಾದು ಹೋಗುತ್ತಿತ್ತು. ಅದನ್ನು ನಾನು ಕ್ಲಚ್ ವಾಸನೆ ಅಂದುಕೊಂಡು ಸುಮ್ಮನಿದ್ದೆ ನೋಡಿ!

ಹೊಸ ಪಟ್ಟಿ ಹಾಕಿ, ಚಾಸಿಯ ಬಣ್ಣ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ, ಬಿಗಿ ಮಾಡಿ ಮತ್ತೆ ಅಳೆದೆ. ಇಲ್ಲೊಂದು ತಮಾಷೆ. ಸೆಲ್ಫ್ ಸುತ್ತುವಾಗ ಬ್ಯಾಟರಿ ತುದಿಯಲ್ಲಿ ಮೊದಲು 23.1 ಇದ್ದದ್ದು ಈಗ 21.4ಕ್ಕೆ ಇಳಿಯಿತು. ಅಯ್ಯೋ ಹೊಸ ಬ್ಯಾಟರಿಯೂ ಹೋಯಿತಾ ಅಂತ ಎದೆ ಧಸಕ್ ಅಂದಿತು. ಆಮೇಲೆ ಹೊಳೆಯಿತು, ಇಷ್ಟು ದಿನ ಸೆಲ್ಫ್‌ಗೆ ಬೇಕಾದಷ್ಟು ಕರೆಂಟೇ ಸಿಗುತ್ತಿರಲಿಲ್ಲ, ಈಗ ಹೊಟ್ಟೆ ತುಂಬ ಎಳೆಯುತ್ತಿದೆ, ಹಾಗಾಗಿ ಬ್ಯಾಟರಿ ಜಾಸ್ತಿ ಇಳಿಯುತ್ತಿದೆ. ಸೆಲ್ಫ್ ಹತ್ತಿರ 20.7 ಬಂತು, ಮೊದಲಿನ 17.5 ಎಲ್ಲಿ ಇದೆಲ್ಲಿ. ಸ್ಟಾಪ್ ಕೇಬಲ್ ಬಿಟ್ಟು ಕೀ ತಿರುಗಿಸಿದರೆ ಎರಡು ಸುತ್ತಿಗೇ ಇಂಜಿನ್ ಎದ್ದಿತು.

ಮೀಟರ್‌ನ ದೋಷಗಳನ್ನೂ ಹೇಳಬೇಕಲ್ವಾ. ಜೊತೆಗೆ ಬರುವ ಪ್ರೋಬ್ ತಂತಿ ಲಾರಿಗೆ ಏನೇನೂ ಸಾಲದು. ಬ್ಯಾಟರಿ ಒಂದು ಮೂಲೆ, ಸೆಲ್ಫ್ ಇನ್ನೊಂದು ಮೂಲೆ. ನಾನು ಮೂರು ಮೀಟರ್ ತೆಳ್ಳನೆ ತಂತಿ ಜೋಡಿಸಿ ತುದಿಗೆ ಮೊಸಳೆ ಕ್ಲಿಪ್ ಹಾಕಿಕೊಂಡೆ. ವೋಲ್ಟ್ ಅಳೆಯುವಾಗ ಮೀಟರ್ ಒಳಗೆ ಕರೆಂಟ್ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ, ಹಾಗಾಗಿ ತಂತಿ ಉದ್ದ ಇದ್ದರೂ ಲೆಕ್ಕ ತಪ್ಪಲ್ಲ. ಆ ಕ್ಲಿಪ್ಪನ್ನು ಡಬ್ಬಿಯಲ್ಲೇ ಕೊಡಬಹುದಿತ್ತು, ಕೊಟ್ಟಿಲ್ಲ. ಒಳಗಿನ ಪುಟ್ಟ ಬ್ಯಾಟರಿ ಇಳಿದಾಗ ಡಿಸ್‌ಪ್ಲೇ ಮೂಲೆಯಲ್ಲಿ ಸಣ್ಣ ಚಿಹ್ನೆ ಬರುತ್ತದೆ, ಕಣ್ಣಿಗೇ ಬೀಳಲ್ಲ. ಅದನ್ನು ನೋಡದೆ ಒಂದು ಸಲ ನಿಂತ ಲಾರಿಯಲ್ಲಿ 27 ವೋಲ್ಟ್ ಓದಿ ತಲೆ ಕೆಡಿಸಿಕೊಂಡಿದ್ದೆ.

ಇನ್ನೊಂದು ನನ್ನದೇ ತಪ್ಪು. ರಾತ್ರಿ ಬ್ಯಾಟರಿಯನ್ನು ಏನಾದರೂ ತಿನ್ನುತ್ತಿದೆಯಾ ನೋಡೋಕೆ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿದ್ದೆ. ಮಾರನೆ ದಿನ ಮರೆತು ಹಾಗೇ ಬ್ಯಾಟರಿಯ ಎರಡು ತುದಿಗೂ ಮುಟ್ಟಿಸಿದೆ. ಅದು ನೇರ ಶಾರ್ಟ್. ಫಳ್ ಅಂತ ಕಿಡಿ ಹಾರಿತು, ಪ್ರೋಬ್ ತುದಿ ಕರಗಿತು, ಒಳಗಿನ ಫ್ಯೂಸ್ ಹೋಯಿತು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದರ ಪಕ್ಕದಲ್ಲಿ ಹೀಗೆ ಕಿಡಿ ಹಾರಿಸಿ ಬದುಕಿದ್ದು ದೊಡ್ಡದು. ಫ್ಯೂಸ್ ಇಲ್ಲದ ಮೀಟರ್ ಆಗಿದ್ದರೆ ಕೈಯಲ್ಲೇ ಸಿಡಿಯುತ್ತಿತ್ತೇನೋ. ಫ್ಯೂಸ್ ಇಲ್ಲ ಅಂತ ಆ ತೂತಿನ ಪಕ್ಕ ಬರೆದಿರುವ ಮೀಟರ್‌ಗಳೂ ಇವೆ, ಅಂಥದ್ದು ಬೇಡವೇ ಬೇಡ. ಸೆಲ್ಫ್ ಎಳೆಯೋದು ನೂರಾರು ಆಂಪಿಯರ್, ಮೀಟರ್ ತಾಳೋದು ಹತ್ತು. ಹಾಗಾಗಿ ಇದನ್ನು ಸೆಲ್ಫ್ ಲೈನ್‌ನಲ್ಲಿ ಸಾಲಾಗಿ ಹಾಕಿ ಆಂಪಿಯರ್ ಅಳೆಯಲು ಹೋಗಬೇಡಿ. ಅದಕ್ಕೆ ತಂತಿಯನ್ನು ಹೊರಗಿನಿಂದ ಸುತ್ತ ಹಿಡಿದು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇರೆಯೇ ಇದೆ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ತಂದರೆ ಲಾರಿಯಲ್ಲಿ ಸೊನ್ನೆ ತೋರಿಸುತ್ತದೆ ಅಷ್ಟೇ.

ಅದಾದ ಮೇಲೆ ಇನ್ನೂ ಎರಡು ಸಲ ಕೆಲಸಕ್ಕೆ ಬಂದಿದೆ. ಒಂದು ಸಲ ಸೆಲ್ಫ್ ಚೆನ್ನಾಗಿ ಸುತ್ತಿದರೂ ಇಂಜಿನ್ ಹತ್ತದ ಗೆಳೆಯನ ಪಿಕಪ್‌ನಲ್ಲಿ, ಡೀಸೆಲ್ ಪಂಪ್ ಮೇಲಿನ ಫ್ಯೂಯಲ್ ಕಟ್-ಆಫ್ ಸೊಲೆನಾಯ್ಡ್‌ಗೆ (ಕರೆಂಟ್ ಬಂದರೆ ಮಾತ್ರ ಡೀಸೆಲ್ ಬಿಡುವ ಬಾಗಿಲು) ವೋಲ್ಟೇ ಬರುತ್ತಿರಲಿಲ್ಲ, ಐದು ನಿಮಿಷದಲ್ಲಿ ಸಿಕ್ಕಿತು. ಇನ್ನೊಂದು ಸಲ ನನ್ನದೇ ಲಾರಿಯಲ್ಲಿ, ಇಂಜಿನ್ ಓಡುವಾಗ 28ರ ಹತ್ತಿರ ಇರಬೇಕಾದ ಚಾರ್ಜಿಂಗ್ 25.1ಕ್ಕೆ ನಿಂತಿತ್ತು, ಆಲ್ಟರ್ನೇಟರ್ ಬೆಲ್ಟ್ ಸಡಿಲ. ಮೊದಲೇ ಬಿಚ್ಚಿಟ್ಟಿದ್ದ ಹಳೇ ಬ್ಯಾಟರಿಗಳನ್ನೂ ಅರ್ಥ್ ಪಟ್ಟಿ ಹಾಕಿದ ದಿನ ಚಾರ್ಜ್ ಮಾಡಿ ಇದರಲ್ಲೇ ನೋಡಿದೆ. ಒಂದು ವಾರ ಸುಮ್ನೆ ಇಟ್ಟ ಮೇಲೂ ಒಂದೊಂದರಲ್ಲಿ 12.6 ಇತ್ತು.