ಮೊದಲನೆಯದು ಸಿಸೇರಿಯನ್ ಆದವರಿಗೆ ಸರ್ಕಾರಿ ಹೆರಿಗೆ ಸೇವೆ: ಖರ್ಚಿಗೆ ಸೈ, ಮಾತಿಗೆ ಬರ

2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ನಾರ್ಮಲ್ ಆದರೂ ಸಿಸೇರಿಯನ್ ಆದರೂ ಬಿಲ್ ಇಲ್ಲ. ಔಷಧಿ, ರಕ್ತ, ಪರೀಕ್ಷೆ, ಊಟ (ನಾರ್ಮಲ್‌ಗೆ 3 ದಿನ, ಸಿಸೇರಿಯನ್‌ಗೆ 7 ದಿನ), ಮನೆಗೆ ಬಿಡುವ ನಗು-ಮಗು ಗಾಡಿ ಎಲ್ಲವೂ ಅದರಲ್ಲೇ ಬಂತು. ವಾರ್ಡಿನಲ್ಲಿ ‘ಮಗು ತೋರಿಸಿದ್ದಕ್ಕೆ’ ಕೈಚಾಚುವ ಪಿಡುಗು ಬೇರೆ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47 ಸಿಸೇರಿಯನ್, ಸರ್ಕಾರಿಯಲ್ಲಿ ಶೇ 14. ‘ದುಡ್ಡಿಗೆ ಕುಯ್ತಾರೆ’ ಅನ್ನುವ ಅನುಮಾನಕ್ಕೆ ಇಲ್ಲಿ ಅಷ್ಟು ಜಾಗವಿಲ್ಲ.

ಸೇವೆಯ ಗಟ್ಟಿ ಭಾಗ ಪ್ರತಿ ತಿಂಗಳ 9ನೇ ತಾರೀಖು. ಅಂದು ವೈದ್ಯರು ಉಚಿತವಾಗಿ ತಪಾಸಣೆ ಮಾಡಿ, ಅಪಾಯ ಕಂಡವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚಬೇಕೆಂಬ ನಿಯಮವಿದೆ. ಸೊರಗುವುದೂ ಅಲ್ಲೇ. ಸಾಲು ಉದ್ದ, ಮಾತಿಗೆ ಐದು ನಿಮಿಷ ಸಿಕ್ಕರೆ ಪುಣ್ಯ. ತಾಯಿ ಕಾರ್ಡಿನಲ್ಲಿ ‘ಪ್ರೀವಿಯಸ್ ಎಲ್‌ಎಸ್‌ಸಿಎಸ್’ (ಹಿಂದೆ ಸಿಸೇರಿಯನ್ ಆಗಿದೆ) ಎಂದು ಬರೆದಾಯಿತೋ, ಎಷ್ಟೋ ಕಡೆ ‘ಇದೂ ಸಿಸೇರಿಯನ್ನೇ’ ಎಂದು ಮಾತು ಮುಗಿಯುತ್ತದೆ. ಅಷ್ಟು ಬೇಗ ಮುಗಿಸುವ ವಿಷಯ ಅದಲ್ಲ. ಒಂದೇ ಸಿಸೇರಿಯನ್ ಆಗಿ, ಈಗ ಮಗುವಿನ ತಲೆ ಕೆಳಗಿದ್ದು, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇಲ್ಲದಿದ್ದರೆ, ನಾರ್ಮಲ್‌ಗೆ ಪ್ರಯತ್ನಿಸಿದ ನೂರರಲ್ಲಿ 60ರಿಂದ 80 ಮಂದಿಗೆ ಅದು ಸಾಧ್ಯವಾಗುತ್ತದೆ. ಒಳಗಿನ ಹಳೆಯ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಕಡಿಮೆ ಹೌದು, ಆದರೆ ಬಿಟ್ಟರೆ ನಿಮಿಷಗಳ ಲೆಕ್ಕ.

ಆ ಐದು ನಿಮಿಷ ವ್ಯರ್ಥವಾಗಬಾರದೆಂದರೆ ಹಿಂದಿನ ಡಿಸ್ಚಾರ್ಜ್ ಕಾರ್ಡ್ ಕೈಯಲ್ಲಿರಲಿ. ಹೊಟ್ಟೆಯ ಮೇಲಿನ ಕಲೆ ಅಡ್ಡ ಇದ್ದ ಮಾತ್ರಕ್ಕೆ ಗರ್ಭಕೋಶವನ್ನೂ ಅಡ್ಡಕ್ಕೇ ಕುಯ್ದಿದ್ದಾರೆ ಎನ್ನುವಂತಿಲ್ಲ. ಮೇಲ್ಭಾಗದಲ್ಲಿ ಉದ್ದಕ್ಕೆ ಕುಯ್ದಿದ್ದರೆ ನಾರ್ಮಲ್ ಪ್ರಯತ್ನವೇ ಬೇಡ. ಆಗ ಯಾಕೆ ಕುಯ್ದರು ಎಂಬುದೂ ಮುಖ್ಯ: ಮಗು ಅಡ್ಡ ಅಥವಾ ಕುಂಡಿ ಕೆಳಗಾಗಿ ಇದ್ದುದಕ್ಕಾದರೆ ಈ ಸಲ ಅವಕಾಶ ಚೆನ್ನಾಗಿದೆ, ಬಾಯಿ ಪೂರ್ತಿ ತೆರೆದ ಮೇಲೂ ತಲೆ ಇಳಿಯದೆ ನಿಂತಿದ್ದರೆ ಅಷ್ಟಿಲ್ಲ. ‘ಕರುಳಬಳ್ಳಿ ಕೊರಳಿಗೆ ಸುತ್ತಿದೆ’ ಎಂಬ ಸ್ಕ್ಯಾನ್ ಸಾಲಿಗೆ ಹೆದರಬೇಕಿಲ್ಲ, ಅದೊಂದೇ ಸಿಸೇರಿಯನ್‌ಗೆ ಕಾರಣವಲ್ಲ. ಸ್ಕ್ಯಾನ್ ಹೇಳುವ ತೂಕವೂ ಅಂದಾಜೇ, 3.5 ಕೆಜಿ ಎಂದದ್ದು ಹುಟ್ಟಿದಾಗ 3.1 ಆಗಬಹುದು.

ಇಷ್ಟೆಲ್ಲ ಸರಿಯಿದ್ದರೂ ಕೊನೆಗೆ ತೀರ್ಮಾನ ನಿಲ್ಲುವುದು ಆಸ್ಪತ್ರೆಯ ಮೇಲೆ. ಪ್ರಾಥಮಿಕ ಆರೋಗ್ಯ ಕೇಂದ್ರ ಇದಕ್ಕೆ ಆಗದು. ತಾಲ್ಲೂಕು ಆಸ್ಪತ್ರೆಯಾದರೆ ನೇರವಾಗಿ ಕೇಳಿ: ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರು ಕಟ್ಟಡದಲ್ಲೇ ಇರುತ್ತಾರಾ, ಫೋನ್ ಮಾಡಿ ಕರೆಸಬೇಕಾ? ನನ್ನ ಗುಂಪಿನ ರಕ್ತ ಇಲ್ಲೇ ಇದೆಯಾ? ನೋವಿನುದ್ದಕ್ಕೂ ಮಗುವಿನ ಎದೆಬಡಿತ ನೋಡುವ ಯಂತ್ರ ಇದೆಯಾ? ಉತ್ತರ ತಡವರಿಸಿದರೆ ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ವಾಣಿವಿಲಾಸದಂಥ ದೊಡ್ಡಾಸ್ಪತ್ರೆಗೋ 36ನೇ ವಾರದೊಳಗೇ ಕಾರ್ಡು ಬದಲಿಸಿಕೊಳ್ಳಿ. ನೋವು ಬಂದ ಮೇಲೆ 108ರಲ್ಲಿ ರೆಫರ್ ಆಗುವುದು ಈ ಸೇವೆಯ ಅತ್ಯಂತ ಕೆಟ್ಟ ರೂಪ.

ಇನ್ನೊಂದು ಎಚ್ಚರ: ಹಳೆ ಹೊಲಿಗೆ ಇದ್ದವರಿಗೆ ನೋವು ಬರಿಸಲು ಮಿಸೋಪ್ರೊಸ್ಟಾಲ್ ಮಾತ್ರೆ ಕೊಡಬಾರದು, ಹೊಲಿಗೆ ಬಿಡುವ ಅಪಾಯ ಏರುತ್ತದೆ. ನೋವು ಬರಿಸುವ ಡ್ರಿಪ್ ಹಾಕುವುದಾದರೂ ಪಕ್ಕದಲ್ಲಿ ಕಾವಲಿರಬೇಕು. ನೋವಿನ ನಡುವೆ ಬಿಡುವೇ ಇಲ್ಲದೆ ಕಲೆಯ ಜಾಗ ಉರಿದರೆ, ರಕ್ತ ಹೋದರೆ, ಕೂಡಲೇ ಕೂಗಿ ಹೇಳಿ.

ಈ ಸೌಲಭ್ಯಗಳಿಲ್ಲದ ಊರಿನಲ್ಲಿ, ಬೇರೆಡೆ ಹೋಗಲೂ ಆಗದಿದ್ದರೆ, 39 ವಾರ ತುಂಬಿದ ಮೇಲೆ ದಿನ ಗೊತ್ತುಮಾಡಿದ ಸಿಸೇರಿಯನ್ನೇ ಜಾಣತನ. ಆದರೆ ಮೂರನೆಯ ಮಗುವೂ ಬೇಕೆನ್ನುವವರು ಆ ಮಾತನ್ನು ಈಗಲೇ ಡಾಕ್ಟರ ಕಿವಿಗೆ ಹಾಕಬೇಕು: ಸಿಸೇರಿಯನ್ ಹೆಚ್ಚಿದಷ್ಟೂ ಮುಂದೆ ಮಾಸು ಹಳೆ ಗಾಯಕ್ಕೆ ಅಂಟಿ ಬೆಳೆಯುವ ಭಯ ಹೆಚ್ಚು. ಮುಹೂರ್ತ ನೋಡಿಕೊಂಡು ಬಂದು 37ನೇ ವಾರಕ್ಕೇ ಕುಯ್ಯಿರಿ ಎನ್ನುವವರಿಗೆ ಸರ್ಕಾರಿ ಡಾಕ್ಟರು ಬೈದು ಕಳಿಸುತ್ತಾರೆ. ಆ ಬೈಗುಳ ನ್ಯಾಯವಾದದ್ದೇ, ಬೇಗ ತೆಗೆದ ಮಗು ಉಸಿರಾಟಕ್ಕೆ ಒದ್ದಾಡಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಬಹುದು.