ಎಲೆಕ್ಟ್ರಿಕ್ ಕಾರು: ಎಂಟು ತಿಂಗಳ ತುಮಕೂರು–ಬೆಂಗಳೂರು ಓಡಾಟ
24 ಕಿಲೋವ್ಯಾಟ್-ಅವರ್ ಬ್ಯಾಟರಿಯ ಸಣ್ಣ ಕಾರು ನನ್ನದು. ತುಮಕೂರಿನ ಶಿರಾ ಗೇಟ್‌ನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೋಗಿ ಬರಲು ಒಂದು ಚಾರ್ಜ್ ಸಾಕು. ಆದರೆ ಎಸಿ ಹಾಕಿ ನೂರರ ಮೇಲೆ ಓಡಿಸಿದರೆ ಚಾರ್ಜ್ ನೀರಲ್ಲಿ ಬಿದ್ದ ಬೆಲ್ಲದ ಹಾಗೆ ಕರಗುತ್ತದೆ. ಕ್ಯಾತ್ಸಂದ್ರದ ಹತ್ತಿರದ ಚಾರ್ಜರ್ ಎರಡು ಸಲ ಕೆಟ್ಟು ನಿಂತಿತ್ತು. ತಟ್ಟೆ ಇಡ್ಲಿ ತಿಂದು ಸುಮ್ನೆ ಕೂತೆ.

"ಇದಕ್ಕೂ ಕಲ್ಲಿದ್ದಲಿನ ಕರೆಂಟೇ ಅಲ್ವಾ?" ಅಂತ ನಮ್ಮ ಭಾವ ಕೆಣಕುತ್ತಾರೆ. ಅರ್ಧ ನಿಜ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಆದರೆ ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಇದೆಯಲ್ಲ! ರಜೆ ಇದ್ದರೆ ಹಗಲಲ್ಲೇ ಚಾರ್ಜಿಗೆ ಹಾಕುತ್ತೇನೆ. ಬ್ಯಾಟರಿ ತಯಾರಿಸುವಾಗ ಏಳುವ ಹೊಗೆಯ ಸಾಲ ತೀರಬೇಕಾದರೆ ಕಾರು ಜಾಸ್ತಿ ವರ್ಷ ಓಡಬೇಕು. ಮೂರೇ ವರ್ಷಕ್ಕೆ ಮಾರುವವರು ಇದನ್ನು ಕೊಳ್ಳಬೇಡಿ.

ಹಿಂದಿನ ಸೀಟು ಮಾತ್ರ ನಮ್ಮಮ್ಮನಿಗೆ ಇಕ್ಕಟ್ಟು.