ಕಾರವಾರದಲ್ಲಿ ಕೂಲರ್ ತಗೊಳ್ಳುವ ಮುಂಚೆ ನನ್ನ ಕಥೆ ಕೇಳಿ

ಕರಾವಳಿಯಲ್ಲಿ ಮನೆ ಇದ್ದವರು ಏರ್ ಕೂಲರ್ ತಗೊಳ್ಳಬೇಡಿ. ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು. ಪುರುಸೊತ್ತಿದ್ದವರು ನಾನು 11,500 ರೂಪಾಯಿಯನ್ನು ಹೇಗೆ ನೀರಿಗೆ ಹಾಕಿದೆ ಅಂತ ಮುಂದೆ ಓದಿ.

ನಾನು ನಾಲ್ಕು ವರ್ಷ ಕಲಬುರಗಿಯಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ, ಆದರೆ ರಾತ್ರಿ ಕೂಲರ್ ಎದುರು ಮಲಗಿದರೆ ನಡುವೆ ಎದ್ದು ಚಾದರ ಹುಡುಕಬೇಕಾಗುತ್ತಿತ್ತು. 2022ರಲ್ಲಿ ಕಾರವಾರಕ್ಕೆ ವರ್ಗವಾಯಿತು. ಕೋಡಿಬಾಗದಲ್ಲಿ ನಮ್ಮ ಮನೆ. ಮೊದಲಿನ ಹಂಚಿನ ಮಾಡು ತೆಗೆಸಿ ಸ್ಲ್ಯಾಬ್ ಹಾಕಿಸಿದ್ದೇವೆ, ಅದು ಹಗಲೆಲ್ಲ ಕಾದು ರಾತ್ರಿಯಿಡೀ ನಮ್ಮ ಮೇಲೆ ಬಿಸಿ ಕಾರುತ್ತದೆ. ಆಯಿ ಏಪ್ರಿಲ್ ಶುರುವಾಗುವ ಮೊದಲೇ ಸೆಕೆ ಸೆಕೆ ಅಂತ ಬೀಸಣಿಗೆ ಹಿಡಿದು ಕೂತಿದ್ದರು. 40 ಡಿಗ್ರಿಯನ್ನೇ ಓಡಿಸಿದ ಯಂತ್ರಕ್ಕೆ ಇಲ್ಲಿಯ 33 ಯಾವ ಲೆಕ್ಕ ಅಂದುಕೊಂಡೆ ನಾನು. ಅಂಗಡಿಯವರೂ ಹಾಗೇ ಹೇಳಿದರು. ಕಿಟಕಿ ಬಾಗಿಲು ಹಾಕ್ಕೊಳ್ಳಿ, ಟ್ಯಾಂಕಿಗೆ ಸ್ವಲ್ಪ ಐಸ್ ಹಾಕಿ, ಎಸಿ ಥರಾನೇ ಅಂದರು. 55 ಲೀಟರಿನ ಟ್ಯಾಂಕ್, ಕೆಳಗೆ ಚಕ್ರ ಬೇರೆ.

ಮೊದಲ ರಾತ್ರಿ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಮೈಯೆಲ್ಲ ಅಂಟಂಟು. ಗಾಳಿ ಬರುತ್ತಿದೆ, ಆದರೆ ಬೆವರು ಆರುತ್ತಿಲ್ಲ. ಹಾಸಿಗೆ ಹಸಿಹಸಿ, ದಿಂಬು ಹಸಿಹಸಿ. ಎರಡು ಗಂಟೆಗೆ ಆಯಿ ಎದ್ದು, ಇದಕ್ಕಿಂತ ಅಂಗಳವೇ ವಾಸಿ ಅಂತ ಚಾಪೆ ತಗೊಂಡು ಹೊರಟರು.

ಐಸ್ ಸಾಲಲಿಲ್ಲವೇನೋ ಅಂತ ಮರುದಿನ ನಾನೇ ಬೈತಖೋಲ ಬಂದರಿನ ಕಡೆಯಿಂದ ಒಂದು ಚೀಲ ಪುಡಿ ಐಸ್ ತಂದು ಸುರಿದೆ. ಅದು ಮೀನಿಗೆ ಹಾಕುವ ಐಸ್ ಅನ್ನೋದು ತಲೆಗೇ ಹೋಗಿರಲಿಲ್ಲ. ರಾತ್ರಿಯಿಡೀ ಕೋಣೆ ತುಂಬ ಬಂಗಡೆ ವಾಸನೆ! ನಮಗೆ ಮೀನು ಇಷ್ಟವೇ, ಆದರೆ ದಿಂಬಿನ ಹತ್ತಿರ ಅಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ, ಕೊಟ್ಟ ದುಡ್ಡಿನ ಹಟ ನೋಡಿ. ಹದಿನೈದು ದಿನ ಓಡಿಸಿದೆ. ಅಷ್ಟರಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರು, ಹಲಸಿನ ಹಪ್ಪಳ ಮೆತ್ತಗೆ, ಬೀರುವಿನ ಒಳಗಿನ ಬೆಲ್ಟಿಗೆ ಹಸಿರು ಬೂಷ್ಟು, ಬಾಗಿಲು ಉಬ್ಬಿ ಒದ್ದರೂ ಹಾಕಲಿಕ್ಕೆ ಬಾರದಂತೆ ಆಯಿತು. ಜುಲೈ ಮಳೆಯಲ್ಲಿ ಆಗುವುದೆಲ್ಲ ನಮ್ಮ ಮನೆಯಲ್ಲಿ ಏಪ್ರಿಲ್‌ನಲ್ಲೇ ಆಗಿಹೋಯಿತು. ಆಯಿಗೆ ದಮ್ಮು ಶುರುವಾದ ಮೇಲೆ ಕೂಲರ್ ಬಂದ್.

ಕಾರಣ ಗೊತ್ತಾಗಿದ್ದು ಮಗನಿಂದ. ಅವನ ಹತ್ತಿರ ಶಾಲೆಯ ಪ್ರಯೋಗಕ್ಕೆ ತಂದ ಗಾಜಿನ ಥರ್ಮಾಮೀಟರ್ ಇತ್ತು. ಅದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಫ್ಯಾನ್ ಎದುರು ಹಿಡಿದ. ಕೋಣೆಯಲ್ಲಿ 33 ಇದ್ದದ್ದು ಇಳಿದು 29ಕ್ಕೆ ನಿಂತಿತು. ಅಷ್ಟೇ, ಮುಂದೆ ಇಳಿಯಲಿಲ್ಲ. ಕೂಲರ್ ಮಾಡೋದೂ ಇದೇ ಕೆಲಸ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತದೆ. ಹಾಗಾಗಿ ಎಂಥ ದುಬಾರಿ ಕೂಲರ್ ಆದರೂ ಆ 29ಕ್ಕಿಂತ ಕೆಳಗೆ ಇಳಿಸಲಾರದು, ನಿಜವಾಗಿ 30ರ ಹತ್ತಿರ ನಿಲ್ಲುತ್ತದೆ, ಜೊತೆಗೆ ಮೊದಲೇ ಹಸಿಯಾಗಿದ್ದ ಗಾಳಿಗೆ ಇನ್ನಷ್ಟು ನೀರು ತುಂಬುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ 40 ಇದ್ದಾಗ ಇದೇ ಒದ್ದೆ ಬಟ್ಟೆಯ ಲೆಕ್ಕ 22ರ ಸುತ್ತ ಬರುತ್ತದೆ. ಯಂತ್ರ ಒಂದೇ, ಗಾಳಿ ಬೇರೆ. ಕಿಟಕಿ ಹಾಕಿ ಅಂದಿದ್ದಂತೂ ಶುದ್ಧ ತಪ್ಪು. ಹಸಿ ಗಾಳಿ ಹೊರಗೆ ಹೋಗದಿದ್ದರೆ ಕಲಬುರಗಿಯಲ್ಲೂ ಕೂಲರ್ ಕೆಲಸ ಮಾಡುವುದಿಲ್ಲ.

ಐಸ್ ಲೆಕ್ಕವೂ ಕೇಳಿ. ಎಸಿಯಲ್ಲಿ ಒಂದು ಟನ್ ಅನ್ನುತ್ತಾರಲ್ಲ, ಅದು ಎಸಿಯ ತೂಕ ಅಲ್ಲ, 24 ಗಂಟೆಯಲ್ಲಿ ಒಂದು ಟನ್ ಐಸ್ ಕರಗಿದರೆ ಸಿಗುವಷ್ಟು ತಂಪು. ಅದೂ ಅಮೆರಿಕದ ಟನ್, 907 ಕಿಲೋ. ಅಂದರೆ ಗಂಟೆಗೆ ಸುಮಾರು 38 ಕಿಲೋ ಐಸ್. ನಾನು ಹಾಕಿದ್ದು ಇಡೀ ರಾತ್ರಿಗೆ ಹತ್ತು ಕಿಲೋ, ಅದೂ ವಾಸನೆ ಸಮೇತ.

ಕೊನೆಗೆ ಸಾಲ ಮಾಡಿ ಒಂದು ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದೆ. ಅದರ ಪೈಪಿನ ಕೆಳಗೆ ಬಕೆಟ್ ಇಟ್ಟರೆ ಬೆಳಿಗ್ಗೆ ಅರ್ಧ ಬಕೆಟ್ ನೀರು! ನಾನು ಟ್ಯಾಂಕ್ ತುಂಬಿ ತುಂಬಿ ಕೋಣೆಗೆ ಹಾಕುತ್ತಿದ್ದ ನೀರನ್ನು ಇದು ಹೊರಗೆ ಹಾಕುತ್ತಿದೆ. ನಮ್ಮ ಕಡೆ ಬೇಕಾದದ್ದು ಇದೇ. 26ರಲ್ಲಿ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಧಾರಾಳ, 18ಕ್ಕೆಲ್ಲ ಇಳಿಸಬೇಕಾಗಿಲ್ಲ. ಸಣ್ಣ ಕೋಣೆಗೆ ಎರಡು ಟನ್ ಹಾಕಿಸಬೇಡಿ, ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ.

ಇಲ್ಲೂ ಒಂದು ತಪ್ಪು ಮಾಡಿದೆ ಅನ್ನಿ. ಹೊರಗಿನ ಯೂನಿಟ್ಟನ್ನು ಸಮುದ್ರದ ಕಡೆ ಗೋಡೆಗೆ ಹಾಕಿಸಿದ್ದೆ. ಎರಡೇ ವರ್ಷದಲ್ಲಿ ಉಪ್ಪುಗಾಳಿಗೆ ಅಲ್ಯೂಮಿನಿಯಂ ಪಟ್ಟಿಗಳು ಮುಟ್ಟಿದರೆ ಪುಡಿ, ಗ್ಯಾಸೂ ಸೋರಿತು. ಈಗ ಪೂರ್ವದ ಗೋಡೆಯಲ್ಲಿದೆ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಬಂದ್ ಮಾಡಿ ಬಾವಿ ನೀರು ಮೆಲ್ಲಗೆ ಹೊಯ್ದು ತೊಳೆಯುತ್ತೇನೆ. ತಗೊಳ್ಳುವಾಗ ತಾಮ್ರದ ಕಾಯಿಲ್, ತುಕ್ಕು ತಡೆಯುವ ಲೇಪನ ಇದೆಯಾ ಅಂತ ಕೇಳಿ.

ಎಸಿಗೆ ದುಡ್ಡಿಲ್ಲದವರು ಕೂಲರ್ ದುಡ್ಡಿನಲ್ಲಿ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟಾರಿನ ಎರಡು ಫ್ಯಾನ್ ಹಾಕಿಸಿ, ಸ್ಲ್ಯಾಬಿನ ಮೇಲೆ ಬಿಳಿ ಬಣ್ಣ ಬಳಿಸಿ. ಹಳೆ ಫ್ಯಾನ್ 75 ವ್ಯಾಟ್ ತಿಂದರೆ ಇವು 30ರ ಆಸುಪಾಸು. ಹಂಚಿನ ಮಾಡು ಇನ್ನೂ ಇದ್ದವರು ದಯವಿಟ್ಟು ತೆಗೆಸಬೇಡಿ, ನಾವು ತೆಗೆಸಿ ಅನುಭವಿಸುತ್ತಿದ್ದೇವೆ.

ಕೂಲರ್ ಏನಾಯ್ತು ಅಂತೀರಾ? ಶಿರಸಿಯ ಅಕ್ಕ ಕೇಳಿದಳು, ಕೊಡಲಿಲ್ಲ. ಘಟ್ಟದ ಮೇಲೆ ಮಾರ್ಚ್‌ನ ಒಣ ಮಧ್ಯಾಹ್ನದಲ್ಲಿ ನಾಲ್ಕು ದಿನ ನಡೆದೀತು, ಮುಂಗಾರಿನ ಮೋಡ ಕಟ್ಟಿದ ಮೇಲೆ ಅಲ್ಲೂ ಇದೇ ಹಾಡು. ಕಲಬುರಗಿಗೆ ವರ್ಗವಾದ ಸಹೋದ್ಯೋಗಿಯೊಬ್ಬರು ಮೂರು ಸಾವಿರಕ್ಕೆ ಒಯ್ದರು. ಕಳೆದ ಮೇ ತಿಂಗಳಲ್ಲಿ ಫೋನ್ ಮಾಡಿದ್ದರು. ಮಾಲು ಭರ್ಜರಿ ಇದೆ, ಇಷ್ಟು ಕಮ್ಮಿಗೆ ಯಾಕೆ ಕೊಟ್ಟಿರಿ ಅಂತ ಕೇಳಿದರು.